ಕೈಗಡಿಯಾರ ರಿಪೇರಿ: ಮೊದಲ ಸ್ಕ್ರೂ ಬಿಚ್ಚುವ ಮುನ್ನ

ಎಲ್ಲರಿಗೂ ನಮಸ್ಕಾರ. ಗಡಿಯಾರ ರಿಪೇರಿ ಕಲಿಯಲು ಹೊರಟವರು ಮೊದಲು ಕೇಳುವುದು, ಯಾವ ಟೂಲ್ ಕಿಟ್ ಕೊಳ್ಳಲಿ ಎಂದು. ಕಿಟ್ ಕೊಳ್ಳಬೇಡಿ. ಅದರಲ್ಲಿ ತುಂಬಿರುವುದು ಹೆಚ್ಚಾಗಿ ಬೆಲ್ಟ್ ಬಿಚ್ಚುವ, ಬ್ಯಾಟರಿ ಬದಲಿಸುವ ಸಾಮಾನು. ಮಷಿನ್ ಒಳಗೆ, ಅಂದರೆ ವಾಚನ್ನು ಓಡಿಸುವ ಯಂತ್ರದೊಳಗೆ, ಕೈಹಾಕಲು ಬೇಕಾದ ಸ್ಕ್ರೂಡ್ರೈವರ್ ಮತ್ತು ಚಿಮಟವೇ ಅಲ್ಲಿ ಸಾಮಾನ್ಯವಾಗಿ ಕಳಪೆ. ಆ ಎರಡಕ್ಕೂ ಒಂದು ಐಗ್ಲಾಸಿಗೂ (ಕಣ್ಣಿಗಿಟ್ಟು ನೋಡುವ ಭೂತಗನ್ನಡಿ) ಕೈಬಿಚ್ಚಿ ಖರ್ಚು ಮಾಡಿ, ಉಳಿದದ್ದನ್ನು ಕೆಲಸ ಬಂದಾಗ ಕೊಂಡರಾಯಿತು.

ಸ್ಕ್ರೂಡ್ರೈವರ್ ಐದು ಸಾಕು: 0.8, 1.0, 1.2, 1.4, 1.6 ಮಿ.ಮೀ. ಅಲಗಿನ ಅಗಲ ಸ್ಕ್ರೂ ತಲೆಯಷ್ಟೇ ಇರಬೇಕು. ಅಗಲವಾದರೆ ಸುತ್ತಲಿನ ಬ್ರಿಡ್ಜ್ (ಚಕ್ರಗಳನ್ನು ಮೇಲಿನಿಂದ ಹಿಡಿದಿಡುವ ಲೋಹದ ಪಟ್ಟಿ) ಗೀರುತ್ತದೆ, ಕಿರಿದಾದರೆ ಸೀಳಿನ ಅಂಚು ಹರಿಯುತ್ತದೆ. ಅಲಗು ಚಾಕುವಿನಂತೆ ಚೂಪಾಗಿರುವುದು ಇನ್ನೂ ಕೆಟ್ಟದ್ದು. ಬಲ ಹಾಕಿದೊಡನೆ ಅದು ಸೀಳಿನಿಂದ ಮೇಲೆ ಜಾರಿ ಮಷಿನ್ ಮೇಲೆಲ್ಲ ಗೆರೆ ಎಳೆಯುತ್ತದೆ. ಹೊಸ ಸ್ಕ್ರೂಡ್ರೈವರನ್ನೂ ಸಾಣೆಕಲ್ಲಿನ ಮೇಲೆ ಉಜ್ಜಿ, ಅಲಗು ಸೀಳನ್ನು ದಪ್ಪದಲ್ಲಿ ತುಂಬುವಂತೆ ಮಾಡಿಕೊಳ್ಳಿ.

ಚಿಮಟ ಎರಡಿರಲಿ: ಕಾಂತಕ್ಕೆ ಸಿಗದ ಉಕ್ಕಿನದೊಂದು, ಹಿತ್ತಾಳೆಯದೊಂದು. ಬೆಳಕಿಗೆ ಹಿಡಿದು ಮೆಲ್ಲಗೆ ಒತ್ತಿ ನೋಡಿ, ತುದಿಗಳು ಮೊದಲು ಕೂಡಬೇಕು. ಇನ್ನೂ ಗಟ್ಟಿಯಾಗಿ ಒತ್ತಿದರೆ ಕಾಲುಗಳು ಬಾಗಿ ತುದಿಗಳೇ ಬಾಯಿ ಬಿಡುತ್ತವೆ. ಬಿಡಿಭಾಗ ಚಿಮ್ಮಿ ಹಾರುವುದು ಬಹುಪಾಲು ಹೀಗೇ, ಹಿಡಿತ ಅತಿಯಾಗಿ. ಸ್ಪ್ರಿಂಗ್ ಬಿಚ್ಚುವಾಗ ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗೆ ಕೈಯಿಟ್ಟು ಕೆಲಸ ಮಾಡಿದರೆ ನೆಲದ ಮೇಲೆ ತೆವಳುವುದು ತಪ್ಪುತ್ತದೆ.

ಐಗ್ಲಾಸ್ 4 ಪಟ್ಟಿನದಾಗಲಿ. ಅದರಡಿ ಸುಮಾರು 6 ಸೆಂ.ಮೀ. ಜಾಗ ಸಿಗುತ್ತದೆ. 10 ಪಟ್ಟಿನದರಲ್ಲಿ ಸಿಗುವುದು 2.5 ಸೆಂ.ಮೀ., ಸ್ಕ್ರೂಡ್ರೈವರ್ ಆಡಿಸಲು ಸಾಲದು. ಅದು ತಪಾಸಣೆಗೆ ಮಾತ್ರ.

ಕಲಿಯಲು ಸ್ವಿಸ್ ಕಂಪನಿ ಈಟಿಎಯ 6497 ಅಥವಾ ಅದೇ ಮಾದರಿಯ ಕೀಲಿ ಕೊಡುವ ಮಷಿನ್ ತೆಗೆದುಕೊಳ್ಳಿ. 36.6 ಮಿ.ಮೀ. ಅಗಲ, 17 ಕಲ್ಲು (ಚಕ್ರದ ಅಚ್ಚುಗಳು ಸವೆಯದೆ ಆಡಲು ಕೂರಿಸಿದ ಕೃತಕ ಮಾಣಿಕ್ಯ). ಮೂಲ ಮಾದರಿ ಗಂಟೆಗೆ 18,000 ಬಡಿತದ್ದು. ಅಜ್ಜನ ನೆನಪಿನ ವಾಚನ್ನು ಮುಟ್ಟಬೇಡಿ. ಓಡುತ್ತಿರುವುದನ್ನೇ ಕೊಳ್ಳಿ: ಜೋಡಿಸಿದ ಮೇಲೆ ನಿಂತರೆ ತಪ್ಪು ನಿಮ್ಮ ಕೈಯದೆಂದು ಖಚಿತವಾಗುತ್ತದೆ. ಕೆಟ್ಟ ವಾಚಿನಲ್ಲಿ ಹಳೆಯ ದೋಷ ಯಾವುದು, ಹೊಸದು ಯಾವುದು ಎಂದೇ ತಿಳಿಯದು.

ಬಿಚ್ಚುವ ಮೊದಲು ಮೇನ್‌ಸ್ಪ್ರಿಂಗಿನ (ಕೀಲಿ ಕೊಟ್ಟಾಗ ಸುತ್ತಿಕೊಂಡು ವಾಚನ್ನು ಓಡಿಸುವ ಸ್ಪ್ರಿಂಗ್) ಬಲ ಇಳಿಸಿ. ಕ್ರೌನನ್ನು (ಕೀಲಿ ಕೊಡುವ ಗುಂಡಿ) ಬೆರಳಲ್ಲಿ ಹಿಡಿದು ತುಸು ಕೀಲಿ ಕೊಟ್ಟು, ಕ್ಲಿಕ್ಕನ್ನು (ಸ್ಪ್ರಿಂಗ್ ಬಿಚ್ಚಿಕೊಳ್ಳದಂತೆ ತಡೆಯುವ ಕೊಕ್ಕೆ) ಹಿಂದೆ ಸರಿಸಿ, ಕ್ರೌನ್ ಬೆರಳ ನಡುವೆ ನಿಧಾನವಾಗಿ ಹಿಂದಿರುಗಲಿ. ಬ್ಯಾಲೆನ್ಸ್ (ಅತ್ತಿತ್ತ ಆಡಿ ಲಯ ಕೊಡುವ ಚಕ್ರ) ತೆಗೆದ ಮೇಲೆ ಪ್ಯಾಲೆಟ್ ಫೋರ್ಕನ್ನು (ಚಕ್ರಗಳನ್ನು ಒಂದೊಂದೇ ಹಲ್ಲು ತಡೆದು ಬಿಡುವ ಕವಲು) ಮುಟ್ಟಿ ನೋಡಿ. ಅದು ತಾನಾಗಿ ಟಪ್ಪೆಂದು ಆಚೆ ಬದಿಗೆ ಹಾರಿದರೆ ಬಲ ಇನ್ನೂ ಉಳಿದಿದೆ. ಹಾಗೆಯೇ ಫೋರ್ಕ್ ತೆಗೆದರೆ ಚಕ್ರಗಳೆಲ್ಲ ಗಿರ್ರನೆ ತಿರುಗಿ ಹಲ್ಲೋ ಪಿವಟ್ಟೋ (ಅಚ್ಚಿನ ಸಪೂರ ತುದಿ) ಮುರಿಯುತ್ತದೆ. ಇನ್ನೊಂದು ಮಾತು: ಅನೇಕ ಮಷಿನ್‌ಗಳಲ್ಲಿ ಕ್ರೌನ್ ವೀಲ್ (ಕೀಲಿಯ ತಿರುವನ್ನು ಮೇನ್‌ಸ್ಪ್ರಿಂಗಿನ ಕಡೆಗೆ ದಾಟಿಸುವ ಚಕ್ರ) ಸ್ಕ್ರೂ ಎಡ ಮರೆಯದು, ಅಂದರೆ ಬಲಕ್ಕೆ ತಿರುಗಿಸಿದರೆ ಬಿಚ್ಚಿಕೊಳ್ಳುವಂಥದು. ಬಿಚ್ಚಿಕೊಳ್ಳದಿದ್ದರೆ ಬಲ ಹೆಚ್ಚಿಸಬೇಡಿ, ದಿಕ್ಕು ಬದಲಿಸಿ.

ತೊಳೆಯುವಾಗ ಫೋರ್ಕನ್ನೂ ಬ್ಯಾಲೆನ್ಸನ್ನೂ ಆಲ್ಕೋಹಾಲಿನಲ್ಲಿ ನೆನೆಹಾಕಬೇಡಿ. ಅವುಗಳ ಕಲ್ಲುಗಳು ಅರಗಿನಿಂದ ಅಂಟಿರುತ್ತವೆ, ಆಲ್ಕೋಹಾಲ್ ಅರಗನ್ನು ಕರಗಿಸುತ್ತದೆ. ಲೈಟರ್‌ಗೆ ಹಾಕುವ ನಾಫ್ತಾ ಅಂಥ ತೊಂದರೆ ಕೊಡದು.

ಜೋಡಣೆಯಲ್ಲಿ ಹೆಚ್ಚು ಹಾನಿಯಾಗುವುದು ಚಕ್ರಗಳ ಮೇಲೆ ಬ್ರಿಡ್ಜ್ ಕೂರಿಸುವಾಗ. ಕೂದಲೆಳೆಯಷ್ಟೇ ಸಪೂರದ ಪಿವಟ್‌ಗಳು ಒಟ್ಟಿಗೇ ತಮ್ಮ ಕಲ್ಲಿನ ತೂತು ಹುಡುಕಬೇಕು. ಸ್ಕ್ರೂ ಹಾಕುವ ಆತುರ ಬೇಡ. ಬ್ರಿಡ್ಜನ್ನು ಮರದ ಕಡ್ಡಿಯಿಂದ ಹಗುರಾಗಿ ಒತ್ತಿಹಿಡಿದು, ಒಂದೊಂದೇ ಚಕ್ರವನ್ನು ಚಿಮಟದಿಂದ ತುಸು ಅಲುಗಿಸಿ. ಎಲ್ಲ ಕೂತಾಗ ಬ್ರಿಡ್ಜ್ ತಾನೇ ಕೆಳಗಿಳಿಯುತ್ತದೆ. ಬ್ಯಾರೆಲ್ಲನ್ನು (ಮೇನ್‌ಸ್ಪ್ರಿಂಗ್ ಇರುವ ಡಬ್ಬಿ) ಸ್ವಲ್ಪ ತಿರುಗಿಸಿ, ಕೊನೆಯ ಚಕ್ರದವರೆಗೂ ಚಲನೆ ಹರಿಯುತ್ತದೆಯೇ ನೋಡಿ. ಆಮೇಲೆ ಸ್ಕ್ರೂವನ್ನು ಕಾಲು ಸುತ್ತು ಬಿಗಿಸಿ, ಮತ್ತೆ ಚಕ್ರ ತಿರುಗಿಸಿ ನೋಡಿ, ಮತ್ತೆ ಬಿಗಿಸಿ. ಎಲ್ಲಿ ಚಲನೆ ನಿಂತಿತೋ ಅಲ್ಲೇ ಸಡಿಲಿಸಿ.

ಎಣ್ಣೆಯನ್ನು ಕಲ್ಲಿನ ತೂತಿನ ಸುತ್ತ ಇರುವ ಬಟ್ಟಲಿನ ಅರ್ಧಕ್ಕೆ ಮಾತ್ರ ಬಿಡಿ. ವೇಗದ ಚಕ್ರಗಳಿಗೆ ಮೋಬಿಯಸ್ 9010ನಂಥ ತೆಳು ಎಣ್ಣೆ, ನಿಧಾನದವಕ್ಕೆ ಮಂದದ್ದು. ಫೋರ್ಕಿನ ಪಿವಟ್‌ಗಳಿಗೂ ಹೇರ್‌ಸ್ಪ್ರಿಂಗಿಗೂ (ಬ್ಯಾಲೆನ್ಸನ್ನು ಆಡಿಸುವ ಸಪೂರ ಸುರುಳಿ) ಎಣ್ಣೆ ಬೇಡವೇ ಬೇಡ. ಹೊಲಿಗೆ ಯಂತ್ರದ ಎಣ್ಣೆ ಇಲ್ಲಿ ನಿಲ್ಲದೆ ಹರಡಿಹೋಗುತ್ತದೆ.

ಓಡತೊಡಗಿದ ಮೇಲೆ ಟೈಮ್‌ಗ್ರಾಫರ್ (ಬಡಿತ ಕೇಳಿ ಓಟ ಅಳೆಯುವ ಉಪಕರಣ) ಇದ್ದರೆ ಲಿಫ್ಟ್ ಆಂಗಲನ್ನು (ಫೋರ್ಕ್ ತಾಗಿರುವಷ್ಟು ಹೊತ್ತು ಬ್ಯಾಲೆನ್ಸ್ ತಿರುಗುವ ಕೋನ) 6497ಕ್ಕೆ 44 ಡಿಗ್ರಿಗೆ ಇಡಿ. ಅದನ್ನು ಉಪಕರಣದಲ್ಲಿ ಸಾಮಾನ್ಯವಾಗಿ ಮೊದಲೇ ಇರುವ 52ರಲ್ಲೇ ಬಿಟ್ಟರೆ ಆಂಪ್ಲಿಟ್ಯೂಡ್ (ಬ್ಯಾಲೆನ್ಸ್ ನಡುವಿನಿಂದ ಒಂದು ಬದಿಗೆ ತಿರುಗುವ ಕೋನ) ಸುಳ್ಳು ಹೆಚ್ಚು ತೋರಿಸುತ್ತದೆ. ಪೂರ್ತಿ ಕೀಲಿಯಲ್ಲಿ, ಡಯಲ್ ಮೇಲಾಗಿಟ್ಟಾಗ 270 ಡಿಗ್ರಿ ದಾಟಿದರೆ ಕೆಲಸ ಚೆನ್ನಾಗಿದೆ. ವಾಚು ದಿನಕ್ಕೆ ನಿಮಿಷಗಟ್ಟಲೆ ಮುಂದೋಡಿದರೆ ರೆಗ್ಯುಲೇಟರ್ (ವೇಗ ಹೊಂದಿಸುವ ಕಡ್ಡಿ) ಮುಟ್ಟುವ ಮೊದಲು ದಿಕ್ಸೂಚಿಯೊಂದನ್ನು ಹತ್ತಿರ ತನ್ನಿ. ಬ್ಯಾಲೆನ್ಸ್ ಆಡುವ ಲಯಕ್ಕೆ ಅದರ ಸೂಜಿ ನಡುಗಿದರೆ, ಹೇರ್‌ಸ್ಪ್ರಿಂಗಿನ ಸುರುಳಿಗಳು ಕಾಂತದಿಂದ ಒಂದಕ್ಕೊಂದು ಅಂಟಿಕೊಂಡಿರಬಹುದು. ಆಗ ಬೇಕಾದದ್ದು ಕಾಂತತ್ವ ತೆಗೆಯುವ ಡಿಮ್ಯಾಗ್ನೆಟೈಸರ್.