ಅಮೆರಿಕದ ಸೊಸೆಗೆ ಆರತಿ, ಪಕ್ಕದ ಬೀದಿಯ ಅಳಿಯನಿಗೆ?

[ದೃಶ್ಯ: ದಾವಣಗೆರೆ, ಬೆಳಗ್ಗೆ. ಬೆಣ್ಣೆ ದೋಸೆ ಹೋಟೆಲ್. ಹೆಂಚಿನ ಮೇಲೆ ಬೆಣ್ಣೆ ಕರಗುತ್ತಿದೆ.]

ನಿರೂಪಕಿ: ಹೋದ ವಾರ ಇಲ್ಲೇ ಕೇಳಿಸಿಕೊಂಡ ಮಾತು. "ಅವರ ಮಗ ಅಮೆರಿಕದವಳನ್ನ ಮದುವೆ ಆದನಂತೆ." "ಹೌದೇನು? ಸೀರೆ ಉಡಿಸಿದ್ರೆ ಚೆನ್ನಾಗಿ ಒಪ್ಪುತ್ತೆ ಬಿಡ್ರಿ." ಎಲ್ಲರೂ ನಕ್ಕರು. ಎರಡನೇ ದೋಸೆ ಬರುವಷ್ಟರಲ್ಲಿ ಇನ್ಯಾರದೋ ಮಗಳ ಸುದ್ದಿ. ಹುಡುಗ ಇದೇ ಊರಿನವನು, ಜಾತಿ ಬೇರೆ. ದನಿ ಇಳಿಯಿತು.

ಹರಳಯ್ಯ, ಮಧುವರಸರು ಜಾತಿ ಮೀರಿ ಮಕ್ಕಳ ಮದುವೆ ಮಾಡಿ ಜೀವ ತೆತ್ತರು ಅಂತ ಬಸವ ಜಯಂತಿ ಭಾಷಣಕ್ಕೆ ಚಪ್ಪಾಳೆ ತಟ್ಟುವ ಊರು ನಮ್ಮದು! ಇನ್ನೊಂದು ಮಾತು. ಅಮೆರಿಕದವಳು ಅಂದಾಗ ಆ ಟೇಬಲ್‌ನಲ್ಲಿ ಯಾರಿಗೂ ಕಪ್ಪು ಹುಡುಗಿ ನೆನಪಾಗಿರಲಿಲ್ಲ, ಬೇಕಾದರೆ ಬೆಟ್ ಕಟ್ಟುತ್ತೇನೆ.

[ದೃಶ್ಯ: ಕತ್ತಲ ಕೋಣೆ, ಟಾರ್ಚ್ ಬೆಳಕು.]

ಆ ಅಮೆರಿಕದಲ್ಲೇ 1958ರಲ್ಲಿ ಏನಾಯಿತು ನೋಡಿ. ರಿಚರ್ಡ್ ಲವಿಂಗ್ ಬಿಳಿಯ, ಮಿಲ್ಡ್ರೆಡ್ ಕಪ್ಪು ಹುಡುಗಿ. ವಾಷಿಂಗ್ಟನ್‌ಗೆ ಹೋಗಿ ಮದುವೆಯಾಗಿ, ಕಪ್ಪು-ಬಿಳಿಯರ ಮದುವೆಗೆ ಕಾನೂನಿನ ನಿಷೇಧವಿದ್ದ ತಮ್ಮ ರಾಜ್ಯ ವರ್ಜೀನಿಯಾಕ್ಕೆ ವಾಪಸ್ ಬಂದರು. ಒಂದು ರಾತ್ರಿ ಪೊಲೀಸರು ಮಲಗುವ ಕೋಣೆಗೇ ನುಗ್ಗಿದರು. ಗೋಡೆಯ ಮೇಲಿದ್ದ ಮದುವೆ ಸರ್ಟಿಫಿಕೇಟ್ ಇಲ್ಲಿ ನಡೆಯಲ್ಲ ಅಂದರು. ಕೋರ್ಟು ಕೊಟ್ಟ ಶಿಕ್ಷೆ: ಒಂದು ವರ್ಷ ಜೈಲು, ಇಲ್ಲಾಂದ್ರೆ 25 ವರ್ಷ ಇಬ್ಬರೂ ಒಟ್ಟಿಗೆ ಆ ರಾಜ್ಯಕ್ಕೆ ಕಾಲಿಡಬಾರದು. 1967ರ ಜೂನ್ 12ರಂದು ಅಲ್ಲಿನ ಸುಪ್ರೀಂ ಕೋರ್ಟ್ ಆ ಕಾನೂನನ್ನು ಒಮ್ಮತದಿಂದ ಕಿತ್ತುಹಾಕಿತು. ಆಗಲೂ 16 ರಾಜ್ಯಗಳಲ್ಲಿ ಇಂಥ ನಿಷೇಧ ಇತ್ತು.

ನಮ್ಮಲ್ಲಿ ಅಂಥ ನಿಷೇಧ ಇಲ್ಲ. 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ ಜಾತಿ, ಧರ್ಮ, ದೇಶ ಯಾವುದೂ ಅಡ್ಡ ಬರಲ್ಲ. ಹುಡುಗನಿಗೆ 21, ಹುಡುಗಿಗೆ 18 ಆಗಿರಬೇಕು. ಮೂವರು ಸಾಕ್ಷಿ ಸಾಕು. ಸಿಕ್ಕಿಹಾಕಿಕೊಳ್ಳೋದು ನೋಟಿಸ್‌ನಲ್ಲಿ.

[ದೃಶ್ಯ: ನೋಂದಣಿ ಕಚೇರಿ ಬೋರ್ಡ್, ಹತ್ತಿರದಿಂದ. ಗುಂಡುಪಿನ್ನಿಗೆ ಸಿಕ್ಕಿಸಿದ ಹಾಳೆ.]

ಮದುವೆಗೆ ಮೊದಲು 30 ದಿನ ನಿಮ್ಮ ಹೆಸರು, ವಿಳಾಸ ಹೀಗೆ ತೂಗಾಡುತ್ತೆ. ಬೆಂಗಳೂರಲ್ಲಿ ಅರ್ಜಿ ಕೊಟ್ಟರೂ ಅಷ್ಟೇ. ಕಾಯಂ ವಿಳಾಸ ದಾವಣಗೆರೆ ಅಂದರೆ ಒಂದು ಪ್ರತಿ ಇಲ್ಲಿನ ಬೋರ್ಡಿಗೂ ಬರುತ್ತೆ. ಸೈಟ್ ರಿಜಿಸ್ಟ್ರಿಗೆ ಬಂದ ಅಪ್ಪನ ಗೆಳೆಯರು ಸುಮ್ನೆ ನಿಂತು ಓದುತ್ತಾರೆ. ಮಧ್ಯಾಹ್ನ ಊಟದ ಹೊತ್ತಿಗೆ ಮನೆಗೆ ಫೋನ್.

ಯಾರು ಬೇಕಾದರೂ ತಕರಾರು ಕೊಡಬಹುದು. ಆದರೆ ವಯಸ್ಸಾಗಿಲ್ಲ, ಮೊದಲ ಮದುವೆ ಇನ್ನೂ ಇದೆ, ತೀರಾ ಹತ್ತಿರದ ಸಂಬಂಧ, ಇಂಥ ಕಾರಣ ಇರಬೇಕು. ಜಾತಿ ಬೇರೆ ಅಂತ ಬರೆದುಕೊಟ್ಟರೆ ಅಧಿಕಾರಿ ಅದನ್ನು ಒಪ್ಪುವ ಹಾಗೇ ಇಲ್ಲ.

ಫೋನ್ ಮಾಡೋಕೆ ತಕರಾರು ಅರ್ಜಿ ಯಾಕೆ ಬೇಕು, ಅಲ್ವಾ?