ಏರಿಯಾಗೊಂದು ಕ್ಲಬ್ಬು: ಸಿಡ್ನಿ ರಗ್ಬಿ ಲೀಗ್ ಬಗ್ಗೆ ನಾಲ್ಕು ಮಾತು

ಎಲ್ರಿಗೂ ನಮಸ್ಕಾರ. ಕ್ರಿಕೆಟ್ಟಿಂದಾನೇ ಶುರು ಮಾಡ್ತೀನಿ, ಆಗ ಯಾರೂ ಎದ್ದು ಹೋಗಲ್ಲ. ವಿಕ್ಟರ್ ಟ್ರಂಪರ್ ಹೆಸರು ಕೇಳಿರ್ತೀರ, ಆ ಕಾಲದ ದೊಡ್ಡ ಬ್ಯಾಟ್ಸ್‌ಮನ್. ಸಿಡ್ನಿಯಲ್ಲಿ ರಗ್ಬಿ ಲೀಗ್, ಅಂದ್ರೆ ಹಳೇ ರಗ್ಬಿಯಿಂದ ಒಡೆದು ಬಂದ ಆಟ, ಹುಟ್ಟಿದಾಗ ಅದರ ಖಜಾಂಚಿ ಇವರೇ, ಸೆಕ್ರೆಟರಿ ಜೆ.ಜೆ. ಗಿಲ್ಟಿನನ್. ಇವರಿಗೆಲ್ಲ ಸಿಟ್ಟು ಏನಕ್ಕೆ ಅಂದ್ರೆ, ಆಗ ರಗ್ಬಿ ನಡೆಸ್ತಿದ್ದ ಹಳೇ ರಗ್ಬಿ ಯೂನಿಯನ್‌ನೋರು ಗೇಟ್ ಕಲೆಕ್ಷನ್ ಚೆನ್ನಾಗೇ ಮಾಡ್ತಿದ್ರು, ಆದ್ರೆ ಆಡೋ ಹುಡುಗ್ರು ಕೂಲಿ ಮಾಡೋರು, ಭುಜ ಮುರಿದ್ರೆ ಆಸ್ಪತ್ರೆ ಖರ್ಚೂ ಅವರದ್ದೇ, ಕೆಲಸ ತಪ್ಪಿದ್ರೆ ಆ ಲಾಸೂ ಅವರದ್ದೇ. 1907ರಲ್ಲಿ ಅಲೆಕ್ಸ್ ಬರ್ಡನ್ ಅನ್ನೋ ಆಟಗಾರನಿಗೆ ಹಂಗೇ ಆಯ್ತು, ಅಲ್ಲಿಗೆ ಜನ ರೊಚ್ಚಿಗೆದ್ರು.

1908ರಲ್ಲಿ ಒಂಬತ್ತು ಕ್ಲಬ್. ನ್ಯೂಕಾಸಲ್ ಒಂದು ಬಿಟ್ರೆ ಎಲ್ಲಾ ಸಿಡ್ನಿಯ ಏರಿಯಾಗಳೇ: ಗ್ಲೀಬ್, ನ್ಯೂಟೌನ್, ಬಾಲ್ಮೇನ್, ಸೌತ್ ಸಿಡ್ನಿ, ಹಿಂಗೇ. ಎಷ್ಟೋ ವರ್ಷ ಒಂದು ರೂಲ್ ಇತ್ತು, ಯಾವ ಕ್ಲಬ್ಬಿಗೆ ಆಡ್ತೀಯೋ ಆ ಏರಿಯಾದಲ್ಲೇ ಮನೆ ಇರಬೇಕು ಅಂತ. ಅಂದ್ರೆ ಶನಿವಾರ ಗ್ರೌಂಡಲ್ಲಿ ಟ್ರೈ (ಬಾಲನ್ನ ಎದುರಾಳಿ ಗೆರೆ ದಾಟಿಸಿ ನೆಲಕ್ಕೆ ಒತ್ತಿ ಪಾಯಿಂಟ್ ಗಳಿಸೋದು) ಹೊಡೆದೋನು ಸೋಮವಾರ ನಿಮ್ ಬೀದಿಯಲ್ಲೇ ಸಿಗ್ತಿದ್ದ, ಚೆನ್ನಾಗಿ ಆಡ್ದೇ ಇದ್ರೆ ಬೈಯೋಕೂ ಸುಲಭ.

ಜಗಳಗಳೂ ಗಲ್ಲಿ ಜಗಳದ ಥರಾನೇ. 1909ರ ಫೈನಲ್ ಅನ್ನೋದನ್ನೇ ಇನ್ನೊಂದು ಮ್ಯಾಚಿಗೆ ಮುಂಚೆ ಆಡೋ ಸೈಡ್ ಐಟಂ ಮಾಡಿಬಿಟ್ರು, ಆ ಸಿಟ್ಟಿಗೆ ಬಾಲ್ಮೇನ್‌ನೋರು ಬರಲೇ ಇಲ್ಲ. ಸೌತ್ಸ್‌ನೋರು, ಅಂದ್ರೆ ಸೌತ್ ಸಿಡ್ನಿಯೋರು, ಎದುರಾಳಿನೇ ಇಲ್ದೆ ಕಿಕ್ ಆಫ್ ಮಾಡಿ, ಟ್ರೈ ಹೊಡ್ಕೊಂಡು, ಕಪ್ ತಗೊಂಡು ಹೋದ್ರು. ಇಬ್ರೂ ಬರಬಾರದು ಅಂತ ಮಾತಾಗಿತ್ತು ಅನ್ನೋದು ಬಾಲ್ಮೇನ್ ಕಡೆಯೋರ ವಾದ, ಅದು ಇವತ್ತಿಗೂ ಮುಗಿದಿಲ್ಲ.

ಆಮೇಲೆ ಸಿಟಿ ಬೆಳೀತು ನೋಡಿ, ಅಲ್ಲಿಂದ ಕಷ್ಟ. ಜನ ಹಳೇ ಏರಿಯಾ ಬಿಟ್ಟು ಪಶ್ಚಿಮಕ್ಕೆ ಹೊರಟ್ರು, 1929 ಆದ್ಮೇಲೆ ಗ್ಲೀಬ್ ಔಟ್, 1947ರಲ್ಲಿ ಪ್ಯಾರಮಟ್ಟ ಒಳಗೆ ಬಂತು, 1967ರಲ್ಲಿ ಪೆನ್ರಿತ್. ದುಡ್ಡೂ ಬೇರೆ ದಾರಿಯಿಂದ ಬರೋಕೆ ಶುರುವಾಯ್ತು, 1956ರಲ್ಲಿ ಕ್ಲಬ್ಬುಗಳಲ್ಲಿ ಪೋಕರ್ ಮಷಿನ್, ಅಂದ್ರೆ ಕಾಸು ಹಾಕಿ ಜೂಜಾಡೋ ಯಂತ್ರ, ಕಾನೂನುಬದ್ಧ ಆಯ್ತಲ್ಲ, ಯಾರ ಕ್ಲಬ್ ಬಿಲ್ಡಿಂಗ್ ದೊಡ್ಡದೋ ಅವರ ಟೀಮೂ ದೊಡ್ಡದು. ಸೇಂಟ್ ಜಾರ್ಜ್‌ನೋರು ಕೊಗರಾದಲ್ಲಿ ಕಟ್ಟಿದ ಕ್ಲಬ್ಬಿಗೆ ಜನ 'ತಾಜ್ ಮಹಲ್' ಅಂತಾನೇ ಹೆಸರಿಟ್ಟಿದ್ರು! ಅದೇ ಟೀಮು 1956ರಿಂದ 1966ರವರೆಗೆ ಸತತ ಹನ್ನೊಂದು ಸಲ ಚಾಂಪಿಯನ್. ಜೂಜಿನ ದುಡ್ಡಲ್ಲಿ ಆಟ ಬೆಳೆದದ್ದು ನನಗಂತೂ ಇಷ್ಟ ಇಲ್ಲ, ಆದ್ರೆ ಬೆಳೆದದ್ದು ಹಂಗೇ.

ಇದೆಲ್ಲ ಒಂದೇ ಮ್ಯಾಚಲ್ಲಿ ಕಾಣಬೇಕು ಅಂದ್ರೆ 1981ರ ಗ್ರ್ಯಾಂಡ್ ಫೈನಲ್. ಹಳೇ ನ್ಯೂಟೌನ್, ಎದುರಿಗೆ ಆವರೆಗೆ ಒಂದು ಕಪ್ಪೂ ಗೆಲ್ಲದ ಪ್ಯಾರಮಟ್ಟ. 20-11, ಪ್ಯಾರಮಟ್ಟ ಗೆಲ್ತು. ಖುಷಿ ತಡೀಲಾರದೆ ಜನ ತಮ್ಮದೇ ಗ್ರೌಂಡು ಕಂಬರ್ಲೆಂಡ್ ಓವಲ್‌ಗೆ ಬೆಂಕಿ ಹಚ್ಚಿದ್ರು, ಸೋತಿದ್ರೆ ಏನ್ ಮಾಡ್ತಿದ್ರೋ. ನ್ಯೂಟೌನ್ ಕೈಯಲ್ಲಿ ದುಡ್ಡಿಲ್ಲ, ಎರಡೇ ವರ್ಷಕ್ಕೆ, 1983ರ ಸೀಸನ್ ಮುಗಿದ್ಮೇಲೆ ದೊಡ್ಡ ಲೀಗ್‌ನಿಂದ ಹೊರಗೆ.

1998ರಲ್ಲಿ ಎನ್‌ಆರ್‌ಎಲ್, ಅಂದ್ರೆ ನ್ಯಾಷನಲ್ ರಗ್ಬಿ ಲೀಗ್ ಅನ್ನೋ ಹೊಸ ದೊಡ್ಡ ಲೀಗ್, ಬಂತು, 2000ಕ್ಕೆ ಹದಿನಾಲ್ಕೇ ಟೀಮ್ ಸಾಕು ಅಂದ್ರು. ಬಾಲ್ಮೇನೂ ವೆಸ್ಟರ್ನ್ ಸಬರ್ಬ್ಸೂ ಸೇರಿ ವೆಸ್ಟ್ಸ್ ಟೈಗರ್ಸ್ ಆದ್ರು. ಸೌತ್ಸ್ ಮಾತ್ರ ಯಾರ ಜೊತೆಗೂ ಸೇರಲ್ಲ ಅಂತ ಹಠ ಹಿಡೀತು, ತೆಗೆದುಹಾಕಿದ್ರು. ಸಾವಿರಾರು ಜನ ಬೀದಿಗಿಳಿದ್ರು, ಕೋರ್ಟಿಗೂ ಹೋದ್ರು, 2002ರಲ್ಲಿ ವಾಪಸ್ ಬಂದ್ರು, 2014ರಲ್ಲಿ ಕಪ್ಪೂ ಗೆದ್ರು. ಆಫೀಸಲ್ಲಿ ಕೂತು ಲೆಕ್ಕ ಹಾಕೋರಿಗೆ ಅರ್ಥ ಆಗದೇ ಇದ್ದದ್ದು ಇದೇ, ಕ್ಲಬ್ ಅನ್ನೋದು ಆ ಏರಿಯಾ ಜನರದ್ದು.

ನ್ಯೂಟೌನೂ ಸತ್ತಿಲ್ಲ ಮತ್ತೆ. ಮ್ಯಾರಿಕ್‌ವಿಲ್‌ನ ಹೆನ್ಸನ್ ಪಾರ್ಕಲ್ಲಿ, ಒಂದು ಮೆಟ್ಟಿಲು ಕೆಳಗಿನ ಕಾಂಪಿಟಿಷನ್‌ನಲ್ಲಿ ಆಡ್ತಾ ಇದೆ, 2019ರಲ್ಲಿ ಗೆದ್ದೂ ಗೆದ್ದಿದೆ. ಹ್ಯಾರಿಸ್ ಪಾರ್ಕ್, ಪ್ಯಾರಮಟ್ಟ ಕಡೆ ಇರೋ ನಮ್ಮೋರು ಒಂದ್ಸಲ ಮಕ್ಕಳನ್ನ ಕರ್ಕೊಂಡು ಅಲ್ಲಿಗೆ ಹೋಗಿ, ಕಬಡ್ಡಿ ನೋಡಿ ಬೆಳೆದೋರಿಗೆ ಟ್ಯಾಕಲ್ ಏನಂತ ಹೇಳಿಕೊಡೋದೇ ಬೇಡ. 1981ರ ವಿಷಯ ಮಾತ್ರ ಅಲ್ಲಿ ಎತ್ತಬೇಡಿ.