ಕಾಲುವೆ ಎಲ್ಲಿ ತುಂಡಾಗಿದೆ ಎಂದು ಕೇಳಿ

ಎಲ್ಲರಿಗೂ ನಮಸ್ಕಾರ. ಹಿರಿಯೂರಿಗೆ ಬಂದು ನೀರಿನ ಬಗ್ಗೆ ಮಾತಾಡುವುದೆಂದರೆ ಸ್ವಲ್ಪ ಅಂಜಿಕೆಯೇ. ಇಲ್ಲಿ ಕೂತಿರುವ ಹಿರಿಯರಿಗೆ ಮಾರಿಕಣಿವೆಯಲ್ಲಿ, ಅಂದರೆ ವಾಣಿ ವಿಲಾಸ ಸಾಗರ ಅಣೆಕಟ್ಟಿನಲ್ಲಿ, ಇವತ್ತು ಎಷ್ಟು ಅಡಿ ನೀರಿದೆ ಅನ್ನುವುದು ಬಾಯಲ್ಲೇ ಇರುತ್ತದೆ. ಆದರೂ ಭದ್ರಾ ನೀರನ್ನು ಈ ಕಡೆಗೆ ತರುವ ಭದ್ರಾ ಮೇಲ್ದಂಡೆ ಯೋಜನೆಯ ಕಾಮಗಾರಿ ಎಲ್ಲಿಗೆ ಬಂತು ಎಂದು ನೀವು ಕೇಳಿದ್ದೀರಿ. ಅದನ್ನೇ ಹೇಳುತ್ತೇನೆ. ಆದರೆ ಮಾರಿಕಣಿವೆಯಿಂದಲೇ ಶುರು ಮಾಡಬೇಕು.

ವಾಣಿ ವಿಲಾಸ ಸಾಗರದ ಕೆಲಸ ಮುಗಿದದ್ದು 1907ರಲ್ಲಿ. ಶುರುವಾದಾಗ ಮಹಾರಾಣಿ ವಾಣಿ ವಿಲಾಸ ಸನ್ನಿಧಾನದವರು ಚಿಕ್ಕ ವಯಸ್ಸಿನ ಮಹಾರಾಜರ ಪರವಾಗಿ ಮೈಸೂರನ್ನು ಆಳುವ ರೀಜೆಂಟ್ ಆಗಿದ್ದರು. ಎರಡು ಗುಡ್ಡಗಳ ನಡುವಿನ ಇಕ್ಕಟ್ಟು ಜಾಗ, ಅದಕ್ಕೆ ಅಡ್ಡ ಒಂದು ಕಲ್ಲಿನ ಗೋಡೆ. 130 ಅಡಿ ನೀರು ನಿಂತರೆ 30 ಟಿಎಂಸಿ; ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ ನೀರು. ಹತ್ತು ವರ್ಷದ ಆಸುಪಾಸಿನಲ್ಲಿ ಅಷ್ಟು ದೊಡ್ಡ ಅಣೆಕಟ್ಟು ಎದ್ದು ನಿಂತಿತು. ಇವತ್ತಿನ ಲೆಕ್ಕದಲ್ಲಿ ಅದನ್ನು ‘ನೂರಕ್ಕೆ ನೂರು ಪೂರ್ಣ’ ಎಂದು ಬರೆಯುತ್ತಿದ್ದರು. ಆದರೆ ಮೊದಲ ಸಲ ಕೋಡಿ ಬಿದ್ದದ್ದು 1933ರಲ್ಲಿ. ಅದಾದ ಮೇಲೆ 2022ರಲ್ಲಿ! ನಡುವೆ 89 ವರ್ಷ. ಗೋಡೆಯಲ್ಲಿ ಒಂದು ಕೊರತೆಯೂ ಇರಲಿಲ್ಲ. ವೇದಾವತಿ ಹೊಳೆಯಲ್ಲಿ ಅಷ್ಟು ನೀರು ಬರಲಿಲ್ಲ, ಅಷ್ಟೇ.

ಆ ನೀರಿನ ಕೊರತೆ ಏನೆಂದು ಈ ತಾಲ್ಲೂಕಿನ ತೆಂಗಿನ ತೋಟಗಳು ನೋಡಿವೆ. ಕೆಲವು ವರ್ಷಗಳ ಹಿಂದೆ ಡ್ಯಾಮಿನ ನೀರು ಡೆಡ್ ಸ್ಟೋರೇಜಿಗೆ, ಅಂದರೆ ಕಾಲುವೆಗೆ ಹರಿಯದ ತಳಮಟ್ಟಕ್ಕೆ, ಇಳಿದಿತ್ತಲ್ವಾ? ಮೊದಲು ಕೆಳಗಿನ ಗರಿಗಳು ಜೋತು ಬಿದ್ದವು. ಆಮೇಲೆ ಹರಳು ಉದುರಿತು. ಕೊನೆಗೆ ಸುಳಿಯೇ ಒಣಗಿ, ಬೋಳು ಕಂಬಗಳು ಸಾಲಾಗಿ ನಿಂತವು. ಬೋರ್‌ವೆಲ್ ಮೇಲೆ ಬೋರ್‌ವೆಲ್ ಕೊರೆಸಿ ಸಾಲ ಹೊತ್ತವರು ಇದ್ದಾರೆ, ಟ್ಯಾಂಕರ್ ನೀರು ಕೊಂಡು ಮರದ ಬುಡಕ್ಕೆ ಹಾಕಿದವರೂ ಇದ್ದಾರೆ. ತೆಂಗು ಒಂದು ಸಲ ಹೋದರೆ ಮುಂದಿನ ಮಳೆಗೆ ವಾಪಸ್ ಬರುವ ಬೆಳೆ ಅಲ್ಲ.

ಭದ್ರಾ ಮೇಲ್ದಂಡೆ ಹುಟ್ಟಿದ್ದೇ ಈ ಕೊರತೆಯಿಂದ. ತುಂಗಾದಿಂದ 17.40 ಟಿಎಂಸಿ ಎತ್ತಿ ಭದ್ರಾ ಜಲಾಶಯಕ್ಕೆ ಹಾಕಬೇಕು. ಭದ್ರಾದಿಂದ ಒಟ್ಟು 29.90 ಟಿಎಂಸಿ ಎತ್ತಿ, ಅಜ್ಜಂಪುರದ ಹತ್ತಿರ ಸುಮಾರು ಏಳು ಕಿಲೋಮೀಟರ್ ಸುರಂಗದ ಮೂಲಕ ಈ ಕಡೆಗೆ ದಾಟಿಸಬೇಕು. ಅಲ್ಲಿಂದ ಮುಂದೆ ಒಂದು ಕಾಲುವೆ ಚಿತ್ರದುರ್ಗದ ಕಡೆಗೆ, ಇನ್ನೊಂದು ತುಮಕೂರಿನ ಕಡೆಗೆ. ವಾಣಿ ವಿಲಾಸಕ್ಕೆ 2 ಟಿಎಂಸಿ. 367 ಕೆರೆಗಳಿಗೆ ಅವುಗಳ ಸಾಮರ್ಥ್ಯದ ಅರ್ಧದಷ್ಟು ನೀರು. ಚಿಕ್ಕಮಗಳೂರು, ಚಿತ್ರದುರ್ಗ, ದಾವಣಗೆರೆ, ತುಮಕೂರು ಜಿಲ್ಲೆಗಳಲ್ಲಿ 2,25,515 ಹೆಕ್ಟೇರಿಗೆ ಹನಿ ನೀರಾವರಿ.

ಈಗ ಪ್ರಗತಿಯ ವಿಷಯ. ಪತ್ರಿಕೆಯಲ್ಲಿ ‘ಇಷ್ಟು ಪರ್ಸೆಂಟ್ ಮುಗಿದಿದೆ’ ಎಂದು ಓದುತ್ತೇವೆ. ಅಗೆದ ಮಣ್ಣು, ಹಾಕಿದ ಕಾಂಕ್ರೀಟು, ಪಾಸಾದ ಬಿಲ್ಲು ಎಲ್ಲ ಸೇರಿ ಆ ಲೆಕ್ಕ. ರಸ್ತೆ ಅರ್ಧ ಆಗಿದ್ದರೆ ಅರ್ಧ ದೂರವಾದರೂ ಓಡಾಡಬಹುದು. ಕಾಲುವೆ ಹಾಗಲ್ಲ. ಸೇದುವ ಹಗ್ಗ ಒಂದು ಮೊಳ ಸಾಲದೆ ಬಂದರೂ ಕೊಡಕ್ಕೆ ನೀರು ಸಿಗುವುದಿಲ್ಲ. ತರೀಕೆರೆ ಕಡೆಯ ಅಬ್ಬಿನಹೊಳಲಿನ ಹತ್ತಿರ ಎರಡು ಕಿಲೋಮೀಟರಿಗೂ ಕಡಿಮೆ ಉದ್ದದ ಜಾಗಕ್ಕೆ ಭೂಸ್ವಾಧೀನದ ತಗಾದೆ ಬಂದು ಕೆಲಸ ವರ್ಷಗಟ್ಟಲೆ ನಿಂತಿತ್ತು. ನೂರಾರು ಕಿಲೋಮೀಟರ್ ಯೋಜನೆಯಲ್ಲಿ ಅದು ಕಾಗದದ ಮೇಲೆ ಏನೇನೂ ಅಲ್ಲ. ಆದರೆ ಕೆಳಗೆ ಕಾಯುವ ಕೆರೆಗೆ ಅದೇ ಎಲ್ಲ.

ಅಲ್ಲಿನ ರೈತರನ್ನು ನಾನು ದೂರುವುದಿಲ್ಲ. ಜಮೀನು ಬಿಟ್ಟು ಕೊಡುವವರು ಸರಿಯಾದ ಪರಿಹಾರ ಕೇಳುವುದು ನ್ಯಾಯ. ಅವರ ಜೊತೆ ಮೊದಲೇ ಕೂತು ಮಾತಾಡಿ, ಹಣ ಕೊಟ್ಟು, ಆಮೇಲೆ ಜೆಸಿಬಿ ಇಳಿಸಬೇಕಿತ್ತು. ಎರಡು ತುದಿಯಿಂದ ಅಗೆದುಕೊಂಡು ಬಂದು ನಡುವೆ ಒಬ್ಬರ ತೋಟದ ಮುಂದೆ ನಿಂತರೆ ಎರಡೂ ಕಡೆಯವರಿಗೆ ನಷ್ಟ.

ತಡವಾದಷ್ಟೂ ಖರ್ಚು ಬೆಳೆಯುತ್ತದೆ. ಒಂದು ಹಂತದಲ್ಲಿ 12,340 ಕೋಟಿ ಇದ್ದ ಅಂದಾಜು ಆಮೇಲೆ 21,473 ಕೋಟಿ ದಾಟಿತು. 2023ರ ಕೇಂದ್ರ ಬಜೆಟ್ಟಿನಲ್ಲಿ 5,300 ಕೋಟಿ ಘೋಷಣೆ ಆಯಿತು. ಅವತ್ತು ಈ ಸೀಮೆಯಲ್ಲಿ ಎಷ್ಟು ಸಂತೋಷ ಪಟ್ಟೆವು! ಆ ಹಣಕ್ಕಾಗಿ ಆಮೇಲೆ ವರ್ಷಗಟ್ಟಲೆ ಪತ್ರ ಬರೆಯಬೇಕಾಯಿತು, ರೈತರು ಬೀದಿಗೆ ಇಳಿಯಬೇಕಾಯಿತು.

ಹಾಗಂತ ಏನೂ ಆಗಿಲ್ಲ ಎಂದರೆ ತಪ್ಪಾಗುತ್ತದೆ. ಶಾಂತಿಪುರ, ಬೆಟ್ಟದತಾವರೆಕೆರೆಯ ಪಂಪ್‌ಹೌಸುಗಳು ಎತ್ತಿದ ಭದ್ರೆಯ ನೀರು ಸುರಂಗ ದಾಟಿ, ಹಳ್ಳ ಹಿಡಿದು ವೇದಾವತಿಗೆ ಸೇರಿ ಮಾರಿಕಣಿವೆಗೆ ಬಂದದ್ದನ್ನು ನೀವೇ ನೋಡಿದ್ದೀರಿ. 2022ರ ಕೋಡಿಗೆ ಮುಖ್ಯ ಕಾರಣ ಆ ವರ್ಷದ ಜೋರು ಮಳೆ, ನಿಜ. ಆದರೆ ಡ್ಯಾಮಿನಲ್ಲಿ ಮೊದಲೇ ಒಂದಿಷ್ಟು ನೀರು ಇದ್ದದ್ದು ಈ ಪಂಪುಗಳಿಂದ. ಚಿತ್ರದುರ್ಗ, ಚಳ್ಳಕೆರೆ, ಹಿರಿಯೂರಿನ ನಲ್ಲಿಗಳಿಗೂ ಇದೇ ಡ್ಯಾಮಿನ ನೀರು ಆಧಾರ.

ಇನ್ನೊಂದು ಮಾತು ಬಿಚ್ಚಿ ಹೇಳಬೇಕು. ನೀರು ಬಂದರೆ ಭತ್ತ ಹಾಕೋಣ ಅನ್ನುವವರು ಇದ್ದಾರೆ. 29.90 ಟಿಎಂಸಿ ಪೂರ್ತಿ ಹೊಲಕ್ಕೇ ಬಂತು ಅಂತಿಟ್ಟುಕೊಂಡರೂ, ಎರಡೂಕಾಲು ಲಕ್ಷ ಹೆಕ್ಟೇರಿಗೆ ಹರಡಿದರೆ ನೆಲದ ಮೇಲೆ ಒಂದೂಕಾಲು ಅಡಿಯೂ ನಿಲ್ಲುವುದಿಲ್ಲ. ಅದರಲ್ಲೇ ಕೆರೆಗಳ ಪಾಲೂ ಹೋಗಬೇಕು. ಭತ್ತಕ್ಕೆ, ಕಬ್ಬಿಗೆ ಅದು ಸಾಲದು. ಹನಿ ನೀರಾವರಿ ಎಂದು ಯೋಜನೆ ಮಾಡಿದ್ದೇ ಅದಕ್ಕೆ. ಅಂದರೆ ಕಾಲುವೆ ಮುಗಿದರೂ ಕೆಲಸ ಮುಗಿಯಲಿಲ್ಲ. ಹೊಲದವರೆಗೆ ಪೈಪು ಬರಬೇಕು, ಫಿಲ್ಟರ್ ಕೂರಬೇಕು, ಒತ್ತಡಕ್ಕೆ ಕರೆಂಟು ಇರಬೇಕು, ಕೆಟ್ಟರೆ ರಿಪೇರಿ ಮಾಡುವವರು ಊರಲ್ಲೇ ಸಿಗಬೇಕು. ಕಾಲುವೆ ಫೋಟೋದಲ್ಲಿ ಚೆನ್ನಾಗಿ ಕಾಣುತ್ತದೆ. ಮಣ್ಣಿನೊಳಗಿನ ಪೈಪಿನ ಬಗ್ಗೆ ಯಾರೂ ಕೇಳುವುದಿಲ್ಲ.

ಆದ್ದರಿಂದ ಮುಂದಿನ ಸಭೆಗೆ ಅಧಿಕಾರಿಗಳು ಬಂದಾಗ ಪರ್ಸೆಂಟ್ ಬಿಡಿ, ಇಷ್ಟು ಕೇಳಿ. ಸುರಂಗದಿಂದ ನಮ್ಮೂರ ಕೆರೆಯವರೆಗೆ ಕಾಲುವೆ ಯಾವ ಯಾವ ಸರ್ವೆ ನಂಬರಿನಲ್ಲಿ ತುಂಡಾಗಿದೆ? ಅಲ್ಲಿನ ಜಮೀನಿನವರಿಗೆ ಹಣ ಸಂದಿದೆಯಾ? ಈ ಮಳೆಗಾಲದಲ್ಲಿ ಎಷ್ಟು ಪಂಪು ಓಡುತ್ತವೆ? ಹನಿ ಪೈಪಿನ ಕೆಲಸ ನಮ್ಮ ಹೋಬಳಿಯಲ್ಲಿ ಯಾವ ಹಳ್ಳಿಯಿಂದ ಶುರು? ಉತ್ತರವನ್ನು ಬರವಣಿಗೆಯಲ್ಲೇ ತೆಗೆದುಕೊಳ್ಳಿ, ಮುಂದಿನ ವರ್ಷ ಅದೇ ಕಾಗದ ಹಿಡಿದು ಮತ್ತೆ ಕೇಳಿ.